ತಳ ಹಿಡಿದ ವಾಸನೆ

ನಮ್ಮ ಅಡುಗೆಮನೆಯಲ್ಲಿ ದೇವರಿಗೆ ಇಡುವ ಮೊದಲು ಯಾರೂ ಏನನ್ನೂ ನಾಲಗೆಗೆ ಹಾಕಬಾರದು. ಈಗಿನ ಧಣಿಯ ತಂದೆ ಕುಂದಾಪುರದ ಕಡೆಯಿಂದ ಮದ್ರಾಸಿಗೆ ಬಂದು ತ್ರಿಪ್ಲಿಕೇನ್‌ನಲ್ಲಿ ಈ ಹೋಟೆಲು ತೆರೆದಾಗ ಮಾಡಿದ ಕಟ್ಟಳೆ ಅದು. ಅವರು ಹೋದರು, ಸೌದೆ ಒಲೆ ಹೋಗಿ ಗ್ಯಾಸು ಬಂತು, ಅಮೃತಶಿಲೆಯ ಮೇಜು ಹೋಗಿ ಗ್ರಾನೈಟು ಬಂತು, ಕಟ್ಟಳೆ ಮಾತ್ರ ಉಳಿಯಿತು. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಮೂಲೆಯ ಗೂಡಿನಲ್ಲಿರುವ ಕೃಷ್ಣನ ಮುಂದೆ ಎಲ್ಲದರಲ್ಲೂ ಒಂದೊಂದು ಸೌಟು ಇಟ್ಟು, ಗಂಟೆ ಬಾರಿಸಿ, ಆಮೇಲೆ ಗಿರಾಕಿಗೆ. ಅಲ್ಲಿಯವರೆಗೆ ಉಪ್ಪು ಸಾಕೇ ಬೇಕೇ ಎಂಬುದನ್ನು ಭಟ್ಟನಾದವನು ಹಬೆಯಿಂದಲೇ ಹೇಳಬೇಕು.

ಆ ಭಟ್ಟ ನಾನು. ಹೊಸಬರು ನಗುತ್ತಾರೆ. ಉಪ್ಪಿಗೆ ಎಲ್ಲಿಯ ವಾಸನೆ ಭಟ್ರೇ ಎಂದು ಕೇಳುತ್ತಾರೆ. ಉಪ್ಪಿಗೆ ವಾಸನೆ ಇಲ್ಲ, ನನಗೂ ಗೊತ್ತು. ಆದರೆ ಉಪ್ಪು ಬಿದ್ದ ಮೇಲೆ ಬೇಳೆಯ ಹಸಿ ವಾಸನೆ ಹಿಂದೆ ಸರಿದು ಹುಳಿಯ ವಾಸನೆ ಮುಂದೆ ಬರುತ್ತದೆ. ಉಪ್ಪು ಹೆಚ್ಚಾದರೆ ಹುಳಿಯೂ ಮುದುಡಿಕೊಳ್ಳುತ್ತದೆ. ಇದನ್ನು ಹೇಳಿಕೊಡಲು ಬರುವುದಿಲ್ಲ, ಒಲೆಯ ಮುಂದೆ ನಿಂತು ನಿಂತು ಬರಬೇಕು. ಕೆಲವು ಮಹಾ ಮಡಿವಂತರು ನೈವೇದ್ಯದ ಪದಾರ್ಥವನ್ನು ಮೂಸುವುದೂ ತಪ್ಪು ಎನ್ನುತ್ತಾರೆ. ಅವರು ಒಮ್ಮೆ ಬಂದು ಕುದಿಯುವ ಕೊಪ್ಪರಿಗೆಯ ಮುಂದೆ ಉಸಿರು ಬಿಗಿಹಿಡಿದು ನಿಂತು ತೋರಿಸಲಿ. ಕೈಗೆ ಬೀಗ ಹಾಕಬಹುದು, ಬಾಯಿಗೂ ಹಾಕಬಹುದು, ಮೂಗಿಗೆ ಹಾಕುವುದು ಹೇಗೆ ಎಂದು ನಾನು ಕೇಳುತ್ತಿದ್ದೆ.

ಹಾಗೆ ಕೇಳುತ್ತಿದ್ದವನ ಮೂಗಿಗೇ ಬೀಗ ಬಿತ್ತು.

ದೀಪಾವಳಿ ಕಳೆದು ಮಳೆ ಹಿಡಿದಿತ್ತು. ಕೋಯಂಬೇಡು ಮಾರುಕಟ್ಟೆಯಿಂದ ತರಕಾರಿ ತರುವ ಹೋಟೆಲಿನ ಸ್ಕೂಟರಿನ ಹಿಂದೆ ಆ ಬೆಳಿಗ್ಗೆ ನಾನೂ ಹತ್ತಿ ಕೂತಿದ್ದೆ. ಹಿಂದಿನ ದಿನ ಬಂದ ನುಗ್ಗೆಕಾಯಿ ಬಲಿತು ನಾರಾಗಿತ್ತೆಂದು ಜಗಳ ತೆಗೆದು, ಇವತ್ತು ನಾನೇ ಆರಿಸುತ್ತೇನೆ ಎಂದು ಹಟ ಮಾಡಿದ್ದೆ. ರಸ್ತೆಯ ತುಂಬ ನೀರು. ನೀರಿನ ಕೆಳಗೆ ಯಾರೋ ಅಗೆದು ಬಿಟ್ಟ ಗುಂಡಿ. ಸ್ಕೂಟರು ಮುಗ್ಗರಿಸಿತು, ನಾನು ಹಾರಿ ಹೋಗಿ ರಸ್ತೆಯ ನಡುವಿನ ಸಿಮೆಂಟು ಕಟ್ಟೆಗೆ ಮುಖ ಕೊಟ್ಟೆ. ಓಡಿಸುತ್ತಿದ್ದವನಿಗೆ ಮೊಣಕೈ ತರಚಿತು, ಅಷ್ಟೆ. ತಾನೊಂದು ಬಗೆದರೆ ದೈವವೊಂದು ಬಗೆಯುತ್ತದೆ ಎನ್ನುತ್ತಾರಲ್ಲ, ನಾನು ಬಗೆದದ್ದು ಎಳೆ ನುಗ್ಗೆಕಾಯಿ.

ಎಡಗೆನ್ನೆಯ ಮೂಳೆ, ಮೇಲ್ದವಡೆ, ಮೂಗಿನ ಬುಡ ಮೂರೂ ಮುರಿದಿದ್ದವು. ತುಟಿಯ ಒಳಗಿನಿಂದ ಕೊಯ್ದು, ಲೋಹದ ಸಣ್ಣ ಪಟ್ಟಿಗಳನ್ನು ಸ್ಕ್ರೂ ಹಾಕಿ ಕೂರಿಸಿ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದು ಬಾಯಿ ಮುಚ್ಚಿ ಕಳಿಸಿದರು. ಇಡೀ ಹೋಟೆಲನ್ನು ಬೈದು ನಡೆಸುತ್ತಿದ್ದ ಬಾಯಿ ಅದು. ಸುದ್ದಿ ಕೇಳಿ ಕೆಲವರಿಗಾದರೂ ನಿರಾಳವಾಗಿದ್ದರೆ ನಾನು ತಪ್ಪು ತಿಳಿಯುವುದಿಲ್ಲ.

ಆಸ್ಪತ್ರೆಯಲ್ಲಿ ಕಂಡಕಂಡವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ಜೊತೆಗೆ ಯಾರಿದ್ದಾರೆ? ನರ್ಸು ಕೇಳಿದಳು, ಆಯಾ ಕೇಳಿದಳು, ಗಾಲಿಕುರ್ಚಿ ತಳ್ಳುವವನು ಕೇಳಿದ. ಧಣಿ ಬಂದು ಸಹಿ ಹಾಕಿ, ಹಣೆಯ ಮೇಲೆ ಕೈಯಿಟ್ಟು, ಊಟದ ಹೊತ್ತಾಯಿತೆಂದು ಹೊರಟುಹೋಗಿದ್ದರು. ಹೋಟೆಲಿನವರ ಕಷ್ಟ ನನಗೆ ಗೊತ್ತಿಲ್ಲವೇ. ಪಕ್ಕದ ಹಾಸಿಗೆಯವನಿಗೆ ದವಡೆ ಮುರಿದಿತ್ತು. ಅವನ ಹೆಂಡತಿ ಎಳನೀರನ್ನು ಚಮಚದಲ್ಲಿ ತುಟಿಯ ಸಂದಿಗೆ ಬಿಡುತ್ತ, ನಡುನಡುವೆ ಗಂಡನ ಗಾಡಿ ಓಡಿಸುವ ಚಂದವನ್ನು ಬೈಯುತ್ತ ಕೂತಿರುತ್ತಿದ್ದಳು. ಬೈಗುಳ ಕೇಳಿ ಇಷ್ಟು ಹೊಟ್ಟೆಕಿಚ್ಚು ನನಗೆ ಎಂದೂ ಆಗಿರಲಿಲ್ಲ.

ನನಗೆ ಮದುವೆಯಾಗಲಿಲ್ಲ. ಹೋಟೆಲಿನ ಅಡುಗೆಯವನಿಗೆ, ಅದೂ ದೂರದ ಮದ್ರಾಸಿನಲ್ಲಿರುವವನಿಗೆ, ಯಾರೂ ಹೆಣ್ಣು ಕೊಡಲಿಲ್ಲ. ಒಬ್ಬರು ಕೊಡಲು ಒಪ್ಪಿದ ವರ್ಷ ನಾನೇ ಸಿಟ್ಟು ಮಾಡಿಕೊಂಡು ಬೇಡವೆಂದೆ. ಊರಿನಲ್ಲಿ ಒಬ್ಬಳು ಅಕ್ಕ ಇದ್ದಾಳೆ. ಅವಳಿಗೆ ಬಿದ್ದ ಸುದ್ದಿಯನ್ನು ಹೇಳಿರಲಿಲ್ಲ. ಹೇಳಿದರೆ ಅಳುತ್ತ ರೈಲು ಹತ್ತುತ್ತಾಳೆ, ಅವಳ ಮಂಡಿನೋವಿಗೆ ನನ್ನ ಕೋಣೆಯ ಮೆಟ್ಟಿಲು ಆಗುವುದಿಲ್ಲ.

ಬಾವು ಮೊದಲ ದಿನಕ್ಕಿಂತ ಮೂರನೆಯ ದಿನ ಜಾಸ್ತಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹೇಳಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಹೆದರಿಯೇ ಸಾಯುತ್ತಿದ್ದೆ. ಹೊತ್ತು ಮೀರಿ ಹುದುಗಿದ ಇಡ್ಲಿ ಹಿಟ್ಟಿನ ಹಾಗೆ ಮುಖ ಎದ್ದು ನಿಂತಿತು. ಎಡಗಣ್ಣು ಮುಚ್ಚಿಹೋಯಿತು. ಕೆನ್ನೆಯ ನೆತ್ತರು ನೇರಳೆ ಬಣ್ಣಕ್ಕೆ ತಿರುಗಿ ಕುತ್ತಿಗೆಯವರೆಗೆ ಇಳಿಯಿತು. ತಲೆ ಎತ್ತರಕ್ಕಿಟ್ಟು ಕೂತೇ ಮಲಗಬೇಕು, ಐಸು ಒತ್ತಬೇಕು, ಎಲ್ಲಕ್ಕಿಂತ ಮುಖ್ಯ, ಮೂಗು ಎಷ್ಟೇ ಕಟ್ಟಿದರೂ ಸೀಟಬಾರದು. ಸೀಟಿದರೆ ಗಾಳಿ ಮುರಿದ ಮೂಳೆಯ ಸಂದಿಯಿಂದ ಚರ್ಮದ ಕೆಳಗೆ ನುಗ್ಗಿ ಮುಖ ಇನ್ನೂ ಊದುತ್ತದಂತೆ. ಮೂಗಿನೊಳಗೆ ಏನೇನೋ ಹೆಪ್ಪುಗಟ್ಟಿಕೊಂಡು ಕೂತಿತ್ತು. ವಾಸನೆ ಎನ್ನುವುದು ಇರಲೇ ಇಲ್ಲ. ಕಟ್ಟಿದ ಮೂಗಿಗೆ ಎಲ್ಲಿಂದ ವಾಸನೆ ಎಂದು ನಾನೂ ಮೊದಲು ತಲೆ ಕೆಡಿಸಿಕೊಳ್ಳಲಿಲ್ಲ.

ಮನೆಗೆ ಕಳಿಸುವ ದಿನ ನರ್ಸು ಒಂದು ಸಣ್ಣ ತಂತಿ ಕತ್ತರಿ ಕೊಟ್ಟು, ದಿಂಬಿನ ಬಳಿಯೇ ಇರಲಿ ಎಂದಳು. ವಾಂತಿ ಬಂದರೆ ಹಲ್ಲಿನ ತಂತಿಯನ್ನು ತಕ್ಷಣ ಕತ್ತರಿಸಬೇಕು, ಇಲ್ಲದಿದ್ದರೆ ಉಸಿರು ಕಟ್ಟುತ್ತದೆ. ಎಲ್ಲಿ ಕತ್ತರಿಸಬೇಕೆಂದು ತೋರಿಸಲು, ಮನೆಯವರನ್ನು ಕರೆಯಿರಿ ಎಂದಳು. ನಾನು ನನ್ನ ಎದೆಯ ಮೇಲೆ ಬೆರಳಿಟ್ಟು ತೋರಿಸಿದೆ. ಅವಳು ಒಂದು ಕೈಗನ್ನಡಿ ಹಿಡಿದು ನನಗೇ ತೋರಿಸಿಕೊಟ್ಟಳು.

ನನ್ನ ಕೋಣೆ ಹೋಟೆಲಿನ ಮೇಲಿದೆ. ಒಂದು ಕಾಲದಲ್ಲಿ ಅಲ್ಲಿ ನಾವು ಏಳೆಂಟು ಜನ ಚಾಪೆ ಹಾಸಿ ಮಲಗುತ್ತಿದ್ದೆವು, ಎಲ್ಲರೂ ಊರ ಕಡೆಯವರು. ಯಾರದೋ ಗೊರಕೆ, ಯಾರದೋ ಯಕ್ಷಗಾನದ ಪದ, ಬಾಳೆಲೆ ಸುತ್ತಿದ ಕಡುಬಿನ ನೆನಪು ತೆಗೆದು ಇನ್ನೊಬ್ಬನ ಕಣ್ಣಲ್ಲಿ ನೀರು ತರಿಸುವುದು. ಒಬ್ಬೊಬ್ಬರಾಗಿ ಹೋದರು. ಅವರ ಮಕ್ಕಳು ಯಾರೂ ಒಲೆಗೆ ಬರಲಿಲ್ಲ, ಬರಬಾರದೆಂದೇ ಓದಿಸಿದ್ದು. ಈಗ ಕೆಳಗೆ ಕೆಲಸ ಮಾಡುವವರೆಲ್ಲ ಒಡಿಶಾ, ಬಿಹಾರ, ಅಸ್ಸಾಮಿನವರು, ಹಿಂದಿನ ಬೀದಿಯಲ್ಲಿ ಕೂಡಿ ಬಾಡಿಗೆಗಿದ್ದಾರೆ. ಜಾತಿಯ ಮಾತು ಯಾರೂ ಎತ್ತುವುದಿಲ್ಲ, ಎತ್ತಿದರೆ ಒಲೆ ಹಚ್ಚಲು ಜನವೇ ಇರುವುದಿಲ್ಲ. ಅವರಲ್ಲಿ ನನ್ನ ಕೈಕೆಳಗಿನ ಅಡುಗೆಯವನು ಒಡಿಶಾದವನು, ಮೂರು ಹೆಣ್ಣುಮಕ್ಕಳ ತಂದೆ, ನನ್ನಷ್ಟೇ ಮಾತು ಕಡಿಮೆ. ಅವನಿಗೆ ಬರುವ ಕನ್ನಡವೆಲ್ಲ ನನ್ನಿಂದ ಕಲಿತದ್ದು, ಎಲ್ಲವೂ ಒಲೆಯ ಕನ್ನಡ. ಉಪ್ಪು, ಹುಳಿ, ಸೌಟು, ಬೆಂದಿದೆ, ಬೆಂದಿಲ್ಲ, ಉರಿ ಸಣ್ಣ ಮಾಡು, ಇಳಿಸು. ಧಣಿಯ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ತಮಿಳಿನಲ್ಲಿ. ಹೀಗಾಗಿ ದಿನದಲ್ಲಿ ನಾನು ಕೇಳುವ ಕನ್ನಡ ಬಹುಪಾಲು ನನ್ನದೇ ಮಾತು, ಒಡಿಶಾದವನ ಬಾಯಿಂದ ವಾಪಸು ಬಂದದ್ದು.

ಅವನೇ ದಿನವೂ ಗಂಜಿ ಸೋಸಿ ಮೇಲೆ ತರುತ್ತಿದ್ದ. ಕಡೆದ ಗಂಜಿ, ಸೋಸಿದ ಸಾರು, ಹಾಲು, ಮತ್ತೆ ಗಂಜಿ. ಊರಿಗೆಲ್ಲ ಬಡಿಸಿದವನು ಸ್ಟ್ರಾ ಹಿಡಿದು ಕೂತೆ. ಹಲ್ಲಿನ ಸಂದಿಯಿಂದ ಒಳಗೆ ಹೋಗುವುದು ಬಿಸಿ, ಹುಳಿ, ಉಪ್ಪು, ಅಷ್ಟೇ. ಸಾರು ಎನ್ನುವುದು ಹೋಗುತ್ತಿರಲಿಲ್ಲ. ಎಡಗೆನ್ನೆ, ಮೇಲ್ದುಟಿ, ಮೂಗಿನ ಒಂದು ಪಕ್ಕ ಜೋಮು ಹಿಡಿದಂತೆ ಸ್ಪರ್ಶವೇ ಇಲ್ಲ. ಬಿಸಿ ತಾಗಿದರೂ ಗೊತ್ತಿಲ್ಲ, ಸೊಳ್ಳೆ ಕೂತರೂ ಗೊತ್ತಿಲ್ಲ.

ಒಂದು ಸಂಜೆ ಮಾತ್ರೆ ತರಲು ಬೀದಿಗಿಳಿದೆ. ಔಷಧಿ ಅಂಗಡಿಯವಳು ನನ್ನನ್ನು ನೋಡಿ ಬೇಗ ಬೇಗ ಕಟ್ಟಿಕೊಟ್ಟಳು. ಹೂವಿನವಳು ಮುಖ ತಿರುಗಿಸಿದಳು. ಊದಿದ ಮುಖ ನೋಡಿ ಹೆದರಿದ್ದಾರೆ ಎಂದುಕೊಂಡೆ. ಕೋಣೆಗೆ ಬಂದು ಕನ್ನಡಿ ನೋಡಿದರೆ, ಮೂಗಿನಿಂದ ತುಟಿಗೆ, ತುಟಿಯಿಂದ ಗಡ್ಡಕ್ಕೆ ಮಧ್ಯಾಹ್ನದ ಗಂಜಿ ಒಣಗಿ ಪೊರೆ ಕಟ್ಟಿತ್ತು. ಅದನ್ನಿಟ್ಟುಕೊಂಡು ಇಡೀ ಬೀದಿ ಸುತ್ತಿ ಬಂದಿದ್ದೆ. ಮನೆಯಲ್ಲಿ ಒಬ್ಬರಿದ್ದರೆ ಹೊರಡುವ ಮೊದಲೇ ತಮ್ಮ ಕೆನ್ನೆ ಮುಟ್ಟಿ ತೋರಿಸುತ್ತಾರೆ, ಇಲ್ಲಿ ಒರೆಸಿಕೋ ಎಂದು. ಸಂಸಾರಸ್ಥರು ಅದನ್ನು ದೊಡ್ಡ ವಿಷಯ ಎಂದುಕೊಳ್ಳುವುದಿಲ್ಲ. ನಾನು ಆ ಸಂಜೆ ಮುಖ ತೊಳೆದು, ಒರೆಸಿ, ಮತ್ತೆ ತೊಳೆದೆ. ತುಂಬ ಒಂಟಿ ಅನ್ನಿಸಿತು. ಇಷ್ಟು ವರ್ಷ ಆ ಮಾತನ್ನು ಸಿಟ್ಟಿನಲ್ಲಿ ತೇಲಿಸಿಬಿಡುತ್ತಿದ್ದೆ, ಆ ದಿನ ಬಾಯಿ ಕಟ್ಟಿದ್ದರಿಂದ ಸಿಟ್ಟಿಗೆ ಹೊರಗೆ ಹೋಗಲು ದಾರಿಯೂ ಇರಲಿಲ್ಲ.

ಅಕ್ಕ ಭಾನುವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ವೀಡಿಯೊದಲ್ಲಿ ಕರೆದರೆ ಕತ್ತರಿಸಿ, ನೆಟ್‌ವರ್ಕ್ ಇಲ್ಲವೆಂದು ಬರೆದು ಕಳಿಸುತ್ತಿದ್ದೆ. ಆಗ ಬರೀ ಮಾತಿನ ಕರೆ ಬರುತ್ತಿತ್ತು. ಮಳೆಯ ಸುದ್ದಿ, ಕರುವಿನ ಸುದ್ದಿ, ಯಾರದೋ ಉಪನಯನದ ಸುದ್ದಿ ಎಲ್ಲ ಹೇಳುತ್ತ ಹೋಗುತ್ತಾಳೆ. ಹಲ್ಲು ಕಚ್ಚಿಕೊಂಡೇ ಹೂಂ ಎನ್ನಲು ಬರುತ್ತದೆ, ನಾನು ಹೂಂ ಎನ್ನುತ್ತಿದ್ದೆ. ಒಂದು ವಾರ ಅವಳಿಗೂ ಸಾಕಾಯಿತು.

"ಎಂತಾ, ಮುಖ ಊದ್ಸ್‌ಕಂಡ್ ಕೂತಿದ್ಯಾ?" ಎಂದಳು.

ಹೂಂ ಎಂದೆ. ಸುಳ್ಳಲ್ಲ.

"ನಿಂಗ್ ಮಾತಾಡುಕೆ ದುಡ್ಡ್ ಕೊಡ್ಕಾ?" ಎಂದು ನಕ್ಕು, ನೀನು ಯಾವತ್ತೂ ಹೀಗೇ ಎಂದು ಇಟ್ಟುಬಿಟ್ಟಳು. ನನ್ನ ಬಾಯಿಗೆ ತಂತಿ ಬಿಗಿದಿದ್ದರೂ ಒಡಹುಟ್ಟಿದವಳಿಗೆ ವ್ಯತ್ಯಾಸ ತಿಳಿಯಲಿಲ್ಲ. ನಾನು ಮೊದಲೇ ಎಷ್ಟು ಮಾತಾಡುತ್ತಿದ್ದೆ ಎಂದು ಲೆಕ್ಕ ಹಾಕುತ್ತ ಕೂತೆ. ಹೋಟೆಲಿನಲ್ಲಿ ಬೈದದ್ದನ್ನು ಬಿಟ್ಟರೆ ಏನೂ ಸಿಗಲಿಲ್ಲ.

ಬಾವು ಇಳಿಯಿತು. ನೇರಳೆ ಹಸಿರಾಗಿ, ಹಸಿರು ಹಳದಿಯಾಗಿ, ಮುಖದ ಮೂಳೆ ಮತ್ತೆ ಕಂಡಿತು. ಮೂಗಿನ ಕಟ್ಟೂ ಬಿಟ್ಟು ಗಾಳಿ ಸರಾಗವಾಗಿ ಆಡತೊಡಗಿತು. ಆಗ ನನಗೆ ಭಯ ಶುರುವಾಯಿತು. ಗಾಳಿ ಮಾತ್ರ ಬರುತ್ತಿತ್ತು, ಅದರಲ್ಲಿ ಏನೂ ಇರುತ್ತಿರಲಿಲ್ಲ. ಇಂಗಿನ ಡಬ್ಬಿಯನ್ನು ಮೇಲೆ ತರಿಸಿ ಮುಚ್ಚಳ ತೆಗೆದು ಮೂಗಿಗೆ ಹಿಡಿದೆ. ಏನಿಲ್ಲ. ಕಾಫಿಪುಡಿ, ಏನಿಲ್ಲ. ಮೆಂತ್ಯ ಹುರಿದು ತರಲು ಸನ್ನೆ ಮಾಡಿದೆ. ಏನಿಲ್ಲ. ಬೆಳಿಗ್ಗೆ ಎದ್ದೊಡನೆ ದೇವರ ಸ್ಮರಣೆಗೂ ಮೊದಲು ಇಂಗಿನ ಡಬ್ಬಿ ಹುಡುಕುವವನಾದೆ.

ತಂತಿ ಬಿಚ್ಚಿದ ದಿನ ಡಾಕ್ಟರಮ್ಮನನ್ನು ಕೇಳಿದೆ. ಮೂಗಿನ ಮೇಲ್ಗಡೆಯ ನರಗಳಿಗೆ ಏಟಾಗಿದೆ. ಕೆಲವರಿಗೆ ತಿಂಗಳುಗಳಲ್ಲಿ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ, ಬರುವಾಗ ಮೊದಮೊದಲು ತಪ್ಪು ವಾಸನೆಗಳೂ ಬರಬಹುದು ಎಂದರು. ಕೆಲಸ ಏನೆಂದು ವಿಚಾರಿಸಿದರು. ಅಡುಗೆ ಎಂದೆ. ಹಾಗಾದರೆ ರುಚಿ ನೋಡಿ ಮಾಡಬಹುದಲ್ಲ, ನಾಲಗೆ ಚೆನ್ನಾಗಿಯೇ ಇದೆ ಎಂದು ಸಮಾಧಾನ ಮಾಡಿದರು. ಅವರಿಗೆ ನಮ್ಮ ಕೃಷ್ಣನ ಕಟ್ಟಳೆಯನ್ನು ಎಲ್ಲಿಂದ ಶುರುಮಾಡಿ ಹೇಳುವುದು? ಸರಿ ಎಂದು ಎದ್ದು ಬಂದೆ.

ಅಡುಗೆಮನೆಗೆ ಇಳಿದೆ. ನಾನಿಲ್ಲದಾಗ ಸಾಂಬಾರು, ಸಾರು, ಪಲ್ಯ ಎಲ್ಲ ನಡೆದೇ ಇತ್ತು. ಒಡಿಶಾದವನು ಹೇಗೆ ನಡೆಸಿದ್ದನೆಂದು ಮೊದಲ ದಿನವೇ ಕಣ್ಣಿಗೆ ಬಿತ್ತು. ಸೌಟಿನಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡು, ಗೋಡೆಯ ಕಡೆ ತಿರುಗಿ, ನೆಕ್ಕಿದ. ದೇವರಿಗೆ ಇನ್ನೂ ಇಟ್ಟಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಹೊಸದಾಗಿ ತೆರೆದ ಬಾಯಲ್ಲಿ ಸಿಕ್ಕಿದ್ದನ್ನೆಲ್ಲ ಬೈದೆ. ಅವನು ಕೈ ತೊಳೆದು ಬಂದು ಎದುರು ನಿಂತ.

"ನನಗೆ ಹಬೆ ಗೊತ್ತಿಲ್ಲ ಭಟ್ರೇ. ನಾಲಗೆ ಗೊತ್ತು," ಎಂದ.

ಆ ಹೊತ್ತಿಗೆ ನನಗೂ ಹಬೆ ಗೊತ್ತಿರಲಿಲ್ಲ. ಧಣಿಗೆ ಎಲ್ಲ ಗೊತ್ತಿತ್ತು, ಆ ಹೊತ್ತಿನಲ್ಲಿ ಅವರು ಬೇಕೆಂದೇ ಅಡುಗೆಮನೆಗೆ ಬರುತ್ತಿರಲಿಲ್ಲ.

ಆಮೇಲೆ ಡಾಕ್ಟರಮ್ಮ ಹೇಳಿದ ತಪ್ಪು ವಾಸನೆ ಬಂತು. ಬರದಿದ್ದರೇ ವಾಸಿಯಿತ್ತು. ಒಂದು ಬೆಳಿಗ್ಗೆ ಬೇಳೆ ಹುರಿಯುವಾಗ ಸೀದ ವಾಸನೆ ಗಪ್ಪೆಂದು ಬಡಿಯಿತು. ಇಳಿಸು ಎಂದು ಕೂಗಿದೆ, ಒಡಿಶಾದವನು ಹೆದರಿ ಬಾಣಲೆ ಇಳಿಸಿದ. ನೋಡಿದರೆ ಬೇಳೆ ಇನ್ನೂ ಬಿಳಿಚಿಕೊಂಡು ಕೂತಿತ್ತು. ಮಧ್ಯಾಹ್ನ ಸಾರಿನ ಮುಂದೆ ಅದೇ ವಾಸನೆ, ಮತ್ತೆ ಕೂಗಿದೆ, ಮತ್ತೆ ಸುಳ್ಳು. ಸಂಜೆ ನಲ್ಲಿಯ ನೀರು ಸೀದಿತ್ತು, ಸೋಪು ಸೀದಿತ್ತು, ಕಿಟಕಿಯಿಂದ ಬಂದ ಸಮುದ್ರದ ಗಾಳಿಯೂ ಸೀದಿತ್ತು. ನಾಲ್ಕೈದು ದಿನದಲ್ಲಿ ಪಾತ್ರೆ ತೊಳೆಯುವವರು ನಾನು ಹೋಗುವಾಗ ಮೂಗು ಎತ್ತಿ ಮೂಸುವ ನಾಟಕ ಮಾಡತೊಡಗಿದರು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಧನುರ್ಮಾಸ ಹತ್ತಿರ ಬಂದಿತ್ತು. ಆ ತಿಂಗಳು ಪೂರ್ತಿ ಸೂರ್ಯ ಹುಟ್ಟುವ ಮೊದಲು ಕೃಷ್ಣನಿಗೆ ಹುಗ್ಗಿಯ ನೈವೇದ್ಯ. ಅಕ್ಕಿ, ಹುರಿದ ಹೆಸರುಬೇಳೆ, ಮೆಣಸು, ಜೀರಿಗೆ, ತುಪ್ಪ. ಹತ್ತಿರದ ವಿಷ್ಣು ದೇವಸ್ಥಾನದ ಸುತ್ತಿನ ಹಳೆಯ ವೈಷ್ಣವ ಮನೆಗಳವರು ಸ್ನಾನ ಮಾಡಿ ಪಾತ್ರೆ ಹಿಡಿದು ಬರುತ್ತಾರೆ. ಹುಗ್ಗಿ ಎಲ್ಲಿಯೂ ಸಿಗುತ್ತದೆ. ಇಲ್ಲಿಗೆ ಬರುವುದು, ಇಲ್ಲಿ ಯಾರೂ ನಾಲಗೆಗೆ ಹಾಕುವುದಿಲ್ಲ ಎಂಬ ನಂಬಿಕೆಗೆ. ಸಾಂಬಾರಿನ ವಿಷಯಕ್ಕೆ ಕಣ್ಣು ಮುಚ್ಚಿದ ಧಣಿ ಹುಗ್ಗಿಯ ವಿಷಯಕ್ಕೆ ಮುಚ್ಚಲಾರರು; ಅವರ ತಂದೆಯ ಹೆಸರು ಅದರ ಮೇಲೆ ನಿಂತಿದೆ. ನನ್ನನ್ನು ಕೂರಿಸಿ ಮೆತ್ತಗೆ ಮಾತಾಡಿದರು. ಮೊದಲ ದಿನದ ಹುಗ್ಗಿ ನೀವೇ ಮಾಡಿ ನೋಡಿ, ಆಗದಿದ್ದರೆ ಸಂಕ್ರಾಂತಿಯವರೆಗೆ ಟೋಕನ್ ಕೌಂಟರಿನಲ್ಲಿ ಕೂತಿರಿ, ಆಮೇಲೆ ಊರಿಗೆ ಹೋಗಿ ರೆಸ್ಟ್ ತಗೊಳ್ಳಿ ಎಂದರು. ರೆಸ್ಟ್ ಎಂದರೆ ಏನೆಂದು ನನಗೆ ಗೊತ್ತಿಲ್ಲವೇ. ಊರಿನಲ್ಲಿ ಅಕ್ಕನ ಮನೆಯಿದೆ, ಅದು ಅವಳ ಗಂಡನ ಮನೆ. ನನಗಿರುವುದು ಈ ಒಲೆ. ಅದು ಹೋದರೆ ನಾನು ಈ ಪಟ್ಟಣದಲ್ಲಿ ಯಾರೂ ಅಲ್ಲ, ಬೇರೆಲ್ಲೂ ಯಾರೂ ಅಲ್ಲ.

ಮೊದಲ ದಿನ ಬೇಳೆ ಹುರಿದದ್ದು ಕಣ್ಣಿನಿಂದ, ಬಣ್ಣ ನೋಡಿ. ಅಲ್ಲಿಯವರೆಗೆ ಸರಿಹೋಯಿತು. ಉಪ್ಪು ಕೈಯಳತೆಯಲ್ಲಿ ಹಾಕಿದೆ, ಅಷ್ಟು ವರ್ಷದ ಕೈ ಎಂದು ನಂಬಿ. ಹುಗ್ಗಿ ಬೆಂದು ಗಟ್ಟಿಯಾಗುತ್ತ ಬಂತು. ಇನ್ನು ಉಳಿದದ್ದು ತಳ. ದೊಡ್ಡ ಪಾತ್ರೆಯ ಹುಗ್ಗಿಯ ತಳವನ್ನು ಕಣ್ಣು ನೋಡಲಾರದು, ಕೈ ಎಷ್ಟು ಕೆದಕಿದರೂ ಪೂರ್ತಿ ತಿಳಿಯದು, ಮೂಗೇ ಹೇಳಬೇಕು. ಒಡಿಶಾದವನು ಹಾಲು ಇಳಿಸಿಕೊಳ್ಳಲು ಹೊರಗೆ ಹೋಗಿದ್ದ. ನಾನೊಬ್ಬನೇ ನಿಂತಿದ್ದೆ. ದೇವಸ್ಥಾನದ ಮೈಕಿನಲ್ಲಿ ತಮಿಳು ಪಾಶುರಗಳ ಹಾಡು ಶುರುವಾಗಿತ್ತು.

ಸೀದ ವಾಸನೆ ಬಂತು.

ಬರಲಿ ಎಂದುಕೊಂಡೆ. ವಾರದಿಂದ ಬರುತ್ತಲೇ ಇದೆಯಲ್ಲ, ನಲ್ಲಿ ನೀರಿ‌ಗೂ ಬರುತ್ತದೆ. ಈಗ ಇದನ್ನು ನಂಬಿ ಇಳಿಸಿದರೆ ಹುಗ್ಗಿ ನೀರುನೀರಾಗಿ ಉಳಿಯುತ್ತದೆ, ಮತ್ತೆ ಎಲ್ಲರೂ ನಗುತ್ತಾರೆ. ವಾಸನೆ ಹೆಚ್ಚಾಯಿತು. ಸುಮ್ಮನಿರು ಎಂದು ನನ್ನ ಮೂಗಿಗೆ ನಾನೇ ಗದರಿದೆ. ಉರಿಯನ್ನು ಹಾಗೇ ಬಿಟ್ಟೆ. ಇನ್ನೂ ಹೆಚ್ಚಾಯಿತು, ಈ ಸಲ ಅದರ ಅಡಿಯಲ್ಲಿ ಬೇರೆ ಏನೋ ಇದ್ದ ಹಾಗಿತ್ತು, ಸಣ್ಣಗೆ, ತುಪ್ಪದ್ದೋ ಏನೋ. ಅದನ್ನೂ ನಂಬಲಿಲ್ಲ. ಹಲ್ಲು ಕಚ್ಚಿ ನಿಂತೆ.

ಒಡಿಶಾದವನು ಹಾಲಿನ ಕ್ಯಾನು ಹೊತ್ತು ಬಂದವನು ಹೊಸ್ತಿಲಲ್ಲೇ ನಿಂತುಬಿಟ್ಟ.

"ಭಟ್ರೇ, ತಳ ಹಿಡಿದಿದೆ," ಎಂದ.

"ನಿನಗೆ ಹೇಗೆ ಗೊತ್ತು?"

"ವಾಸನೆ. ಬಾಗಿಲಿಗೇ ಬರ್ತಿದೆ."

ನಾನು ಉರಿ ಆರಿಸಬೇಕಿತ್ತು. ಆರಿಸಲಿಲ್ಲ, ಅವನ ಭುಜ ಹಿಡಿದು ಎಂಥ ವಾಸನೆ, ಎಂಥ ವಾಸನೆ ಎಂದು ಕೇಳುತ್ತ ನಿಂತೆ. ಅವನೇ ಕ್ಯಾನು ಇಳಿಸಿ ಓಡಿಬಂದು ಒಲೆ ಆರಿಸಿದ. ತಳ ಕರಿಮಸಿಯಾಗಿ ಮೇಲಿನ ಹುಗ್ಗಿಗೂ ಏರಿತ್ತು. ನಾನು ಮುಖವನ್ನು ಆ ಹೊಗೆಗೆ ಒಡ್ಡಿ ಉಸಿರೆಳೆದುಕೊಂಡೆ. ಸೀದದ್ದೇ. ನಿಜವಾಗಿ ಸೀದದ್ದು, ಇಬ್ಬರಿಗೂ ಬಂದ ವಾಸನೆ. ಜೋರಾಗಿ ನಕ್ಕೆ. ತಂತಿ ಬಿಚ್ಚಿದ ಮೇಲೆ ಬಾಯಿ ಅಷ್ಟು ಅಗಲ ತೆರೆದದ್ದು ಅದೇ ಮೊದಲು, ದವಡೆ ಕಳಕ್ಕೆಂದಿತು.

ಧಣಿ ಸ್ನಾನ ಮುಗಿಸಿ, ನಾಮ ಹಚ್ಚಿ, ಕೈಯಲ್ಲಿ ತುಳಸಿ ಹಿಡಿದು ಬಂದರು. ಪಾತ್ರೆ ನೋಡಿದರು, ನಗುತ್ತಿದ್ದ ನನ್ನನ್ನು ನೋಡಿದರು. ನಾನು ಮೂಗು ಬಂತು ಎಂದೆ. ತಳ ಹಿಡಿದ ವಾಸನೆ ನನಗೆ ಮೊದಲೇ ಬಂದಿತ್ತು ಎಂದೆ. ಧಣಿ ಹುಟ್ಟಿದಾಗಿನಿಂದ ಇಲ್ಲಿದ್ದವರು, ಸಿಟ್ಟು ಬಂದರೆ ಅವರ ಕನ್ನಡಕ್ಕೆ ತಮಿಳು ಬೆರೆಯುತ್ತದೆ.

"ಪೊಯ್, ಸುಳ್ಳು ಹೇಳಬೇಡಿ ಭಟ್ರೇ. ವಾಸನೆ ಬಂದಿದ್ದರೆ ಇಳಿಸ್ತಿದ್ರಿ ತಾನೇ?"

ಬಂದಿತ್ತು, ಸುಳ್ಳೆಂದುಕೊಂಡೆ ಎಂದು ಹೇಳಿದೆ. ಹೇಳುತ್ತಿದ್ದಂತೆ ನನ್ನ ಕಿವಿಗೇ ಅದು ಸುಳ್ಳಿನ ಹಾಗೆ ಕೇಳಿಸಿತು. ಅವತ್ತು ಕೃಷ್ಣನಿಗೆ ಹಾಲು, ಬಾಳೆಹಣ್ಣು. ಪಾತ್ರೆ ಹಿಡಿದು ಬಂದವರು ಖಾಲಿ ಪಾತ್ರೆಯಲ್ಲೇ ವಾಪಸಾದರು. ಧಣಿ ಒಬ್ಬೊಬ್ಬರಿಗೂ ಕೈಮುಗಿದು ಬಾಗಿಲಲ್ಲಿ ನಿಂತಿದ್ದನ್ನು ನಾನು ಮೆಟ್ಟಿಲ ಮೇಲೆ ಕೂತು ನೋಡಿದೆ. ಮೂಗು ಮರಳಿದ ಸಂತೋಷವನ್ನು ಯಾರಿಗೆ ಹೇಳುವುದು? ಅಕ್ಕನಿಗೆ ಫೋನು ತಿರುಗಿಸಿ, ರಿಂಗಾಗುವ ಮೊದಲೇ ನಿಲ್ಲಿಸಿದೆ. ಮೂಗು ಹೋದದ್ದನ್ನೇ ಹೇಳದವನು ಬಂದದ್ದನ್ನು ಏನೆಂದು ಹೇಳಲಿ?

ಮರುದಿನ ಬೆಳಿಗ್ಗೆ ನಾನು ಟೋಕನ್ ಕೌಂಟರಿನಲ್ಲಿ ಕೂತೆ. ಬಾಗಿಲು ಇನ್ನೂ ತೆರೆದಿರಲಿಲ್ಲ. ಖಾಲಿ ಮೇಜುಗಳ ಆಚೆ ಅಡುಗೆಮನೆಯ ಬಾಗಿಲು, ಅದರೊಳಗೆ ಒಲೆ, ಒಲೆಯ ಮುಂದೆ ಒಡಿಶಾದವನು. ಧಣಿ ಈ ಸಲ ಬಿಡದೆ ಪಕ್ಕದಲ್ಲೇ ತುಳಸಿ ಹಿಡಿದು ನಿಂತಿದ್ದರು, ನಾಲಗೆಗೆ ಹಾಕಲು ಅವಕಾಶವಿರಲಿಲ್ಲ. ಅವನ ಬೆನ್ನಿನಿಂದಲೇ ಭಯ ಕಾಣುತ್ತಿತ್ತು.

ನಾನು ಕಣ್ಣು ಮುಚ್ಚಿದೆ. ಸುಳ್ಳು ಸೀದ ವಾಸನೆ ಎಂದಿನಂತೆ ಇತ್ತು. ಆದರೆ ನಿನ್ನೆ ನನಗೊಂದು ವಿಷಯ ತಿಳಿದಿತ್ತು. ಸುಳ್ಳಿಗೆ ಅಡಿಯಿಲ್ಲ, ಅದು ಒಂದೇ ಸಮ ಇರುತ್ತದೆ, ಅದರ ಕೆಳಗೆ ಏನೂ ಇರುವುದಿಲ್ಲ. ಅದನ್ನು ಬದಿಗಿಟ್ಟು ಕಾದೆ. ಸ್ವಲ್ಪ ಹೊತ್ತಿಗೆ ತೆಳ್ಳಗೆ, ಬಹಳ ದೂರದಿಂದ, ಮೆಣಸು ಬಂತು. ಅದರ ಹಿಂದೆ ತುಪ್ಪ. ಆಮೇಲೆ ಬೇಳೆ, ಅದರಲ್ಲಿ ಇನ್ನೂ ಹಸಿತನ.

ಒಳಗಿನಿಂದ ಅವನು ತಿರುಗಿ ನೋಡಿದ. ಧಣಿ ಇದ್ದಾರೆಂಬುದನ್ನೂ ಲೆಕ್ಕಿಸದೆ, "ಭಟ್ರೇ, ಉಪ್ಪು?" ಎಂದು ಕೇಳಿದ.

"ಇನ್ನೊಂದು ಹಿಡಿ," ಎಂದೆ.

ಹಾಕಿದ. ಬೇಳೆಯ ಹಸಿ ವಾಸನೆ ಹಿಂದೆ ಸರಿಯಿತು. ಧಣಿ ನನ್ನನ್ನು ನೋಡಿದರು, ಅವನನ್ನು ನೋಡಿದರು. ನಾನು ಮತ್ತೆ ಕಣ್ಣು ಮುಚ್ಚಿ ಕಾದೆ. ತುಪ್ಪ ಅಗಲವಾಯಿತು, ಮೆಣಸು ಒಳಗೆ ಇಳಿಯಿತು, ಆಮೇಲೆ ತಳದ ಕಡೆಯಿಂದ ಒಂದು ಕಾವು, ಇನ್ನೂ ಸೀದಿಲ್ಲ, ಸೀಯಲು ಹೊರಟಿದೆ.

"ಇಳಿಸು," ಎಂದೆ.

ಅವನು ಒಂದು ಕ್ಷಣವೂ ನಿಲ್ಲದೆ ಇಳಿಸಿದ. ಸೌಟನ್ನು ತಳಕ್ಕೆ ಇಳಿಸಿ, ಕೆದಕಿ, ಮೇಲೆತ್ತಿ ಧಣಿಗೆ ತೋರಿಸಿದ. ಬಿಳಿ ಹುಗ್ಗಿ, ಒಂದು ಚುಕ್ಕೆ ಕರಿ ಇಲ್ಲ.

ಗಂಟೆ ಬಾರಿಸಿದರು, ಮಂಗಳಾರತಿಯಾಯಿತು. ಧಣಿ ಒಂದು ತುತ್ತು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ಆಮೇಲೆ ಮೇಜುಗಳನ್ನು ದಾಟಿ ಕೌಂಟರಿಗೆ ಬಂದು, ಎದುರಿಗೆ ನಿಂತು, ನನ್ನ ಮುಂದಿದ್ದ ಟೋಕನ್ ಪೆಟ್ಟಿಗೆಯನ್ನು ತಮ್ಮ ಕಡೆ ಎಳೆದುಕೊಂಡರು.

"ಏಳಿ ಭಟ್ರೇ. ಇದು ನನ್ನ ಜಾಗ," ಎಂದರು.

ಎದ್ದೆ. ಪಾತ್ರೆ ಹಿಡಿದವರು ಹೊರಗೆ ಸಾಲು ನಿಂತಿದ್ದರು. ಅಡುಗೆಮನೆಯಲ್ಲಿ ಒಡಿಶಾದವನು ಸೌಟು ನನ್ನ ಕಡೆ ಚಾಚಿದ, ಚಾಚಿದವನು ತಡೆದು, ಇನ್ನೊಂದು ಕೈಯ ಬೆರಳಿನಿಂದ ತನ್ನ ಎಡಗೆನ್ನೆ ಮುಟ್ಟಿ ತೋರಿಸಿದ. ನಾನು ಒರೆಸಿಕೊಂಡೆ. ಕೈ ಒದ್ದೆಯಾಯಿತು, ಆ ಕೆನ್ನೆಗೆ ಏನೂ ಗೊತ್ತಾಗಿರಲಿಲ್ಲ.